ಕಡಲ ಭೌತವಿಜ್ಞಾನದಲ್ಲಿ ಪೋಸ್ಟ್‌ಡಾಕ್: ಪ್ರಶ್ನೆ ಹಿಡಿಯುವುದರಿಂದ ವಿಮಾನ ಹತ್ತುವವರೆಗೆ

ಥೀಸಿಸ್ ಸಬ್‌ಮಿಟ್ ಮಾಡಿದ ಮೇಲೆ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ, ಹುಡುಕಿದರಾಯ್ತು ಅಂದುಕೊಂಡಿದ್ದೆ. ಸಬ್‌ಮಿಟ್ ಮಾಡಿದ್ದು ಜುಲೈಯಲ್ಲಿ. ಯುರೋಪಿನ ದೊಡ್ಡ ಫೆಲೋಶಿಪ್ಪಿಗೆ ಕೊನೆಯ ದಿನ ಇದ್ದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ ವೈವಾ (ಥೀಸಿಸ್‌ನ ಮೌಖಿಕ ಪರೀಕ್ಷೆ) ಮುಗಿದಿರಬೇಕು ಅನ್ನುವುದು ಅವರ ನಿಯಮ. ನನ್ನ ಪರೀಕ್ಷಕರೊಬ್ಬರ ವರದಿ ತಡವಾಗಿ ಬಂತು, ವೈವಾ ಆಗಿದ್ದು ಮರುವರ್ಷ ಫೆಬ್ರವರಿಯಲ್ಲಿ. ಒಂದು ಇಡೀ ವರ್ಷ ಕೈಬಿಟ್ಟು ಹೋಯಿತು. ನಿಮ್ಮ ವರ್ಷ ಹಾಗೆ ಹೋಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಇದು ಎರಡು ತರದವರಿಗೆ. ಮೊದಲನೆಯವರು ಸಮುದ್ರದ ಪ್ರವಾಹ, ಸುಳಿ, ಅಲೆ, ಉಪ್ಪಿನಂಶ, ಬಿಸಿ ಇವುಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವರು. ಎರಡನೆಯವರು ಮೆಕ್ಯಾನಿಕಲ್, ಏರೋಸ್ಪೇಸ್, ಗಣಿತ, ಫಿಸಿಕ್ಸ್ ವಿಭಾಗಗಳಲ್ಲಿ ಫ್ಲೂಯಿಡ್ ಡೈನಮಿಕ್ಸ್ (ದ್ರವ, ಅನಿಲಗಳ ಹರಿವಿನ ವಿಜ್ಞಾನ) ಮಾಡುತ್ತಾ, ಈ ಕಸುಬನ್ನು ಕಡಲಿಗೆ ಒಯ್ಯಬಹುದಾ ಅಂತ ಯೋಚಿಸುತ್ತಿರುವವರು. ಒಯ್ಯಬಹುದು. ಎಷ್ಟೋ ಜನ ಒಯ್ದಿದ್ದಾರೆ. ಕಡಲಿಗೆ ಅಂಥವರು ಬೇಕೇ ಬೇಕು.

ಮೊದಲ ಹೆಜ್ಜೆ: ಹುದ್ದೆಗಿಂತ ಮುಂಚೆ ಪ್ರಶ್ನೆ

ಹೆಚ್ಚಿನವರು ಜಾಹೀರಾತಿನಿಂದ ಶುರು ಮಾಡುತ್ತಾರೆ. ಇಪ್ಪತ್ತು ಕಡೆ ಅರ್ಜಿ ಹಾಕುತ್ತಾರೆ, ಇಪ್ಪತ್ತಕ್ಕೂ ಒಂದೇ ಪತ್ರ. ನಾನು ಕಂಡ ಹಾಗೆ, ಒಳ್ಳೆ ಜಾಗ ಸಿಕ್ಕಿದವರು ಬಹುತೇಕ ಒಂದು ಪ್ರಶ್ನೆ ಹಿಡಿದುಕೊಂಡು ಹೋದವರು. ಪ್ರಶ್ನೆ ಗಟ್ಟಿಯಿದ್ದರೆ ಯಾರಿಗೆ ಬರೆಯಬೇಕು, ಯಾವ ಫೆಲೋಶಿಪ್ ಸರಿಹೊಂದುತ್ತೆ, ಪ್ರಪೋಸಲ್‌ನಲ್ಲಿ ಏನಿರಬೇಕು ಅನ್ನುವುದೆಲ್ಲ ಅದರಿಂದಲೇ ಗೊತ್ತಾಗುತ್ತೆ.

ಪ್ರಶ್ನೆ ಅಂದರೆ ಎಂಥದ್ದು? "ಸಮುದ್ರದಲ್ಲಿ ನೀರು ಬೆರೆಯುವ ಬಗ್ಗೆ ನನಗೆ ಆಸಕ್ತಿಯಿದೆ" ಅನ್ನುವುದು ಪ್ರಶ್ನೆಯಲ್ಲ. ಇದನ್ನು ನೋಡಿ: ಮಳೆಗಾಲ ಮುಗಿಯುವ ಹೊತ್ತಿಗೆ ಗಂಗಾ, ಬ್ರಹ್ಮಪುತ್ರದ ನೀರು ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ತೆಳುವಾದ ಪದರವಾಗಿ ಮೇಲೆ ನಿಂತಿರುತ್ತೆ. ಕೆಳಗೆ ಉಪ್ಪುನೀರು. ಮೇಲಿನದು ಹಗುರ, ಹಾಗಾಗಿ ಗಾಳಿಗೆ ಸುಲಭವಾಗಿ ಬೆರೆಯುವುದಿಲ್ಲ. ಹಾಗಾದರೆ ಎಷ್ಟು ಜೋರಿನ ಗಾಳಿ ಎಷ್ಟು ಹೊತ್ತು ಬೀಸಿದರೆ ಈ ಪದರ ಒಡೆಯುತ್ತೆ? ಇದು ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ಮುಂಗಾರಿನ ಮುನ್ಸೂಚನೆಗೂ, ಚಂಡಮಾರುತದ ಲೆಕ್ಕಕ್ಕೂ ಉಪಯೋಗವಾಗುತ್ತೆ. ಹಡಗಿನಲ್ಲಿ ಅಳೆಯುವವರು, ಕಂಪ್ಯೂಟರ್‌ನಲ್ಲಿ ಕಡಲಿನ ಮಾಡೆಲ್ ಓಡಿಸುವವರು, ಲ್ಯಾಬ್‌ನ ತೊಟ್ಟಿಯಲ್ಲಿ ಪ್ರಯೋಗ ಮಾಡುವವರು, ಮೂವರೂ ಇದನ್ನು ತಮ್ಮ ದಾರಿಯಲ್ಲಿ ಹಿಡಿಯಬಹುದು.

ನಮ್ಮ ಮನೆ ಬಾಗಿಲಲ್ಲೇ ಇನ್ನೊಂದಿದೆ. ಮಳೆಗಾಲದಲ್ಲಿ ಕರ್ನಾಟಕದ ಕರಾವಳಿಯಲ್ಲಿ ಆಳದ ತಣ್ಣನೆ ನೀರು ಮೇಲೇಳುತ್ತೆ. ಅದರ ಜೊತೆ ಪೋಷಕಾಂಶ ಬರುತ್ತೆ, ಅದನ್ನು ನಂಬಿ ಬೂತಾಯಿ, ಬಂಗುಡೆ ಬರುತ್ತವೆ. ಹೀಗೆ ನೀರು ಮೇಲೇಳಲು ಇಲ್ಲಿಯ ಗಾಳಿ ಮಾತ್ರ ಕಾರಣ ಅಂದುಕೊಂಡರೆ ಅರ್ಧ ಸತ್ಯ. ದೂರದ ಗಾಳಿಯಿಂದ ಹುಟ್ಟಿ ತೀರಕ್ಕೆ ಅಂಟಿಕೊಂಡು ಸಾಗುವ ಕೆಲ್ವಿನ್ ಅಲೆಗಳು ಬಂಗಾಳ ಕೊಲ್ಲಿ ಕಡೆಯಿಂದ ಶ್ರೀಲಂಕಾ ಸುತ್ತಿ ನಮ್ಮ ಪಶ್ಚಿಮ ತೀರದ ಉದ್ದಕ್ಕೂ ಬರುತ್ತವೆ. ದೂರದ ಗಾಳಿಯ ಪಾಲೆಷ್ಟು, ಹತ್ತಿರದ ಗಾಳಿಯ ಪಾಲೆಷ್ಟು? ಮಲ್ಪೆಯಲ್ಲಿ ನಿಂತು ಕೇಳಬಹುದಾದ ಪ್ರಶ್ನೆ ಇದು. ಆದರೆ ಪೆರು, ಕ್ಯಾಲಿಫೋರ್ನಿಯಾ, ಪಶ್ಚಿಮ ಆಫ್ರಿಕದ ತೀರಗಳನ್ನು ಓದುವವರಿಗೂ ಇದೇ ಪ್ರಶ್ನೆ ಇದೆ. ನಿಮ್ಮ ಕಡಲಿನ ಪ್ರಶ್ನೆ ಇನ್ನೊಬ್ಬರ ಕಡಲಿಗೂ ತಾಗುವ ಜಾಗ ಯಾವುದು ಅಂತ ಹುಡುಕಿ. ಪೋಸ್ಟ್‌ಡಾಕ್ ಸಿಗುವುದು ಆ ಜಾಗದಲ್ಲೇ.

ಒಂದು ಹಾಳೆ ತೆಗೆದುಕೊಂಡು ಇಂಥ ಮೂರು ಪ್ರಶ್ನೆ ಬರೆಯಿರಿ. ಪ್ರತಿಯೊಂದರ ಕೆಳಗೆ ಇದರ ಮೇಲೆ ಕಳೆದ ಐದು ವರ್ಷದಲ್ಲಿ ಕೆಲಸ ಮಾಡಿದ ಐದೈದು ಜನರ ಹೆಸರು ಬರೆಯಿರಿ. ಹೆಸರು ಹೊಳೆಯದಿದ್ದರೆ ಓದುವುದು ಇನ್ನೂ ಬಾಕಿ ಇದೆ ಅಂತ ಅರ್ಥ.

ಎರಡನೇ ಹೆಜ್ಜೆ: ನಿಮ್ಮ ಕಸುಬು ಯಾವುದು

ಈ ಕ್ಷೇತ್ರದಲ್ಲಿ ಜನ ಮೂರು ಗುಂಪಾಗಿ ನಿಲ್ಲುತ್ತಾರೆ. ಅಳೆಯುವವರು, ಮಾಡೆಲ್ ಮಾಡುವವರು, ಸಿದ್ಧಾಂತ ಮತ್ತು ಲ್ಯಾಬ್‌ನವರು. ಒಂದರಲ್ಲಿ ಕೈ ಪಳಗಿರಬೇಕು. ಇನ್ನೊಂದರ ಭಾಷೆ ಅರ್ಥವಾಗಬೇಕು. ಮೂರರಲ್ಲೂ ಅರೆಬರೆ ಇದ್ದರೆ ಯಾರಿಗೂ ಬೇಡ.

ಅಳೆಯುವವರಿಗೆ ಡೇಟಾ ಈಗ ಕೈಗೆ ಎಟುಕುವಷ್ಟು ಹತ್ತಿರ ಇದೆ. ಜಗತ್ತಿನ ಕಡಲುಗಳಲ್ಲಿ ಸುಮಾರು 4,000 ಆರ್ಗೋ ಫ್ಲೋಟ್‌ಗಳು (ನೀರಿನ ಬಿಸಿ, ಉಪ್ಪಿನಂಶವನ್ನು ತಾವೇ ಅಳೆಯುವ ಯಂತ್ರಗಳು) ತೇಲುತ್ತಿವೆ. ಒಂದೊಂದೂ 1,000 ಮೀಟರ್ ಆಳದಲ್ಲಿ ಕಾಯುತ್ತೆ, 2,000 ಮೀಟರ್‌ಗೆ ಇಳಿಯುತ್ತೆ, ಸುಮಾರು ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಉಪಗ್ರಹಕ್ಕೆ ಡೇಟಾ ಕಳಿಸುತ್ತೆ. ಆ ಡೇಟಾ ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು. 2022ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಸ್ವಾಟ್ ಉಪಗ್ರಹ ಸಮುದ್ರದ ಮೇಲ್ಮೈಯ ಎತ್ತರವನ್ನು ಹಿಂದೆಂದೂ ಕಾಣದಷ್ಟು ಸೂಕ್ಷ್ಮವಾಗಿ ಅಳೆಯುತ್ತಿದೆ. ಸಣ್ಣ ಸುಳಿಗಳ ಮೇಲೆ ಕೆಲಸ ಮಾಡುವವರಿಗೆ ಇದೊಂದು ಹೊಸ ಬಾಗಿಲು.

ಆದರೂ ಒಂದು ಸಲವಾದರೂ ಕ್ರೂಸ್‌ಗೆ, ಅಂದರೆ ಸಂಶೋಧನಾ ಹಡಗಿನ ಯಾನಕ್ಕೆ, ಹೋಗಿ. ಮಾಡೆಲ್ ಮಾಡುವವರಿಗೂ ಇದನ್ನೇ ಹೇಳುತ್ತೇನೆ. ನನಗೆ ಬಂಗಾಳ ಕೊಲ್ಲಿಯಲ್ಲಿ ಒಂದು ರಾತ್ರಿ ಪಾಳಿ ನೆನಪಿದೆ. ಎರಡು ಗಂಟೆ ಆಗಿತ್ತು. ಆಳ ಆಳದ ಉಪ್ಪಿನಂಶ, ಬಿಸಿ ಅಳೆಯುವ ಸಿಟಿಡಿ ಯಂತ್ರ ತಂತಿಯ ಮೇಲೆ ಇಳಿಯುತ್ತಿತ್ತು, ಪರದೆಯ ಮೇಲೆ ಉಪ್ಪಿನಂಶದ ಗೆರೆ ಮೂಡುತ್ತಿತ್ತು. ಹನ್ನೆರಡು ಮೀಟರ್‌ವರೆಗೆ ನೆಟ್ಟಗೆ ಇಳಿದ ಗೆರೆ ಅಲ್ಲಿ ತಟ್ಟನೆ ಬಲಕ್ಕೆ ಹಾರಿತು. ಪಕ್ಕದಲ್ಲಿದ್ದ ಹಿರಿಯರು ಬೆರಳಿಟ್ಟು, "ನೋಡಿ, ಇದೇ ನಿಮ್ಮ ಥೀಸಿಸ್" ಅಂದರು. ಎರಡು ವರ್ಷ ಮಾಡೆಲ್‌ನಲ್ಲಿ ನೋಡಿದ್ದ ಪದರ ಅದು. ಮಾಡೆಲ್‌ನಲ್ಲಿ ಅದು ಇಳಿಜಾರಾಗಿತ್ತು, ಇಲ್ಲಿ ಮೆಟ್ಟಿಲಿನ ಹಾಗಿತ್ತು. ಈ ಒಂದು ವ್ಯತ್ಯಾಸವೇ ಮುಂದೆ ನನ್ನ ಪೋಸ್ಟ್‌ಡಾಕ್ ಪ್ರಪೋಸಲ್ ಆಯಿತು.

ಮಾಡೆಲ್ ಮಾಡುವವರಿಗೆ ಎಂಐಟಿಜಿಸಿಎಂ, ರೋಮ್ಸ್, ನೀಮೋ, ಮಾಮ್6 ಈ ಕಡಲಿನ ಮಾಡೆಲ್‌ಗಳಲ್ಲಿ ಒಂದಾದರೂ ಒಳಗಿನಿಂದ ಗೊತ್ತಿರಬೇಕು. ಓಡಿಸುವುದು ಬೇರೆ, ಒಳಗೆ ಕೈಹಾಕಿ ಬದಲಿಸುವುದು ಬೇರೆ. ಎರಡನೆಯದು ಬಂದರೆ ಬೇಡಿಕೆ ಜಾಸ್ತಿ. ಸಣ್ಣ ಅಳತೆಯ ಟರ್ಬುಲೆನ್ಸ್ (ಕಲಕಾಟದ ಹರಿವು) ಕೆಲಸಕ್ಕೆ ಡೆಡಾಲಸ್, ಓಷನಾನಿಗನ್ಸ್ ತರದ ಹೊಸ ಕೋಡ್‌ಗಳಿವೆ. ನಿಮ್ಮ ಕೋಡ್ ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣದಲ್ಲಿ ಇರಲಿ, ಇನ್ನೊಬ್ಬರು ಓಡಿಸಲು ಆಗುವ ಹಾಗಿರಲಿ. ಅರ್ಜಿ ನೋಡುವವರು ನಿಜಕ್ಕೂ ಅದನ್ನು ತೆರೆದು ನೋಡುತ್ತಾರೆ.

ಶುದ್ಧ ಫ್ಲೂಯಿಡ್ ಡೈನಮಿಕ್ಸ್‌ನಿಂದ ಬರುವವರಿಗೆ ಒಂದು ಮಾತು. ನಿಮಗೆ ಹರಿವಿನ ನೇವಿಯರ್–ಸ್ಟೋಕ್ಸ್ ಸಮೀಕರಣ ಗೊತ್ತು, ಅಸ್ಥಿರತೆಯ ಲೆಕ್ಕ ಗೊತ್ತು, ಸೂಪರ್‌ಕಂಪ್ಯೂಟರ್ ಗೊತ್ತು. ಕಡಲಿಗೆ ಬೇಕಾದದ್ದು ಇನ್ನೆರಡು: ಭೂಮಿ ತಿರುಗುತ್ತಿದೆ, ನೀರು ಪದರ ಪದರವಾಗಿದೆ. ಇವೆರಡನ್ನೂ ಸರಿಯಾಗಿ ಕಲಿಯಲು ಆರು ತಿಂಗಳು ಕೊಡಿ. ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯಲ್ಲಿ 1959ರಿಂದ ನಡೆದು ಬಂದ ಜಿಯೋಫಿಸಿಕಲ್ ಫ್ಲೂಯಿಡ್ ಡೈನಮಿಕ್ಸ್ ಬೇಸಿಗೆ ಶಿಬಿರ ಹುಟ್ಟಿದ್ದೇ ಈ ಸೇತುವೆ ಕಟ್ಟಲು. ಹತ್ತು ವಾರದ ಶಿಬಿರ, ಪಿಎಚ್.ಡಿ. ವಿದ್ಯಾರ್ಥಿಗಳಿಗೆ. ಇನ್ನೂ ಪಿಎಚ್.ಡಿ. ನಡೆಯುತ್ತಿದ್ದರೆ ಮೊದಲು ಅದಕ್ಕೆ ಪ್ರಯತ್ನಿಸಿ.

ಮೂರನೇ ಹೆಜ್ಜೆ: ಜಾಗ ಎಲ್ಲೆಲ್ಲಿದೆ

ಮೊದಲು ನಮ್ಮಲ್ಲಿ. ಪರದೇಶವೇ ಆಗಬೇಕು ಅಂತೇನಿಲ್ಲ. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದ ಪ್ರಶ್ನೆಗಳಿಗೆ ಅತಿ ಹತ್ತಿರದ ಜನ ಇಲ್ಲೇ ಇದ್ದಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾತಾವರಣ ಮತ್ತು ಸಾಗರ ವಿಜ್ಞಾನಗಳ ಕೇಂದ್ರ (ಸಿಎಒಎಸ್) ಈ ಕ್ಷೇತ್ರದಲ್ಲಿ ದೊಡ್ಡ ಹೆಸರು. 2016ರಲ್ಲಿ ಬಾಬಲ್ ಅನ್ನುವ ಪ್ರಯೋಗಕ್ಕಾಗಿ ಇಲ್ಲಿನವರು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸಿಂಧು ಸಾಧನಾ ಹಡಗಿನಲ್ಲಿ ಮಳೆಗಾಲದ ನಡುವೆಯೇ ಬಂಗಾಳ ಕೊಲ್ಲಿಗೆ ಹೋಗಿದ್ದರು. ಅದೇ ಊರಿನಲ್ಲಿ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಯಲಹಂಕ ಕಡೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್ಆರ್) ಗಣಿತ ಕೇಂದ್ರ ಇವೆ. ಮೂರರಲ್ಲೂ ಫ್ಲೂಯಿಡ್ ಡೈನಮಿಕ್ಸ್ ಗಟ್ಟಿಯಾಗಿದೆ. ಇದರ ಹಿಂದೆ ಫ್ಲೂಯಿಡ್ ಡೈನಮಿಕ್ಸ್ ವಿಜ್ಞಾನಿ ರೊದ್ದಂ ನರಸಿಂಹ ಅವರಂಥವರ ದಶಕಗಳ ದುಡಿಮೆ ಇದೆ. ಒಂದೇ ಊರಿನಲ್ಲಿ ಟರ್ಬುಲೆನ್ಸ್‌ನವರು, ಮೋಡದವರು, ಕಡಲಿನವರು ಸೆಮಿನಾರ್‌ನಲ್ಲಿ ಒಟ್ಟಿಗೆ ಕೂರುವುದು ಬಹಳ ಕಡೆ ಸಿಗುವುದಿಲ್ಲ.

ಗೋವಾದ ಎನ್ಐಒ (ಸಾಗರವಿಜ್ಞಾನ ಸಂಸ್ಥೆ), ಹೈದರಾಬಾದಿನ ಇನ್ಕಾಯ್ಸ್ (ಸಾಗರ ಮಾಹಿತಿ ಸೇವಾ ಕೇಂದ್ರ), ಪುಣೆಯ ಐಐಟಿಎಂ (ಉಷ್ಣವಲಯದ ಹವಾಮಾನ ಸಂಸ್ಥೆ), ಚೆನ್ನೈನ ಎನ್ಐಒಟಿ (ಸಾಗರ ತಂತ್ರಜ್ಞಾನ ಸಂಸ್ಥೆ), ಧ್ರುವಗಳ ಕಡೆ ಒಲವಿದ್ದರೆ ಗೋವಾದ ಎನ್‌ಸಿಪಿಒಆರ್ ಇವೆ. ಹಡಗಿನ ಕೆಲಸಕ್ಕೆ ಎನ್ಐಒ, ಮುನ್ಸೂಚನೆಯ ಕೆಲಸಕ್ಕೆ ಇನ್ಕಾಯ್ಸ್ ಅಂತ ಒರಟಾಗಿ ನೆನಪಿಟ್ಟುಕೊಳ್ಳಬಹುದು. ಸುರತ್ಕಲ್‌ನ ಎನ್ಐಟಿಕೆಯಲ್ಲಿ ತೀರದ ಎಂಜಿನಿಯರಿಂಗ್ ಕೆಲಸ ಬಹಳ ಕಾಲದಿಂದ ನಡೆದಿದೆ. ಅಲೆ, ತೀರದ ಕೊರೆತ ನಿಮ್ಮ ವಿಷಯವಾದರೆ ಅಲ್ಲಿಯೂ ಕೇಳಿ.

ಹೊರಗೆ ಹೋಗುವುದಾದರೆ ಅಮೆರಿಕದಲ್ಲಿ ವುಡ್ಸ್ ಹೋಲ್, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್, ಪ್ರಿನ್ಸ್‌ಟನ್. ಜರ್ಮನಿಯಲ್ಲಿ ಕೀಲ್‌ನ ಜಿಯೋಮಾರ್, ಬ್ರೆಮರ್‌ಹಾಫನ್‌ನ ಆಲ್ಫ್ರೆಡ್ ವೆಗೆನರ್ ಸಂಸ್ಥೆ, ಹ್ಯಾಂಬರ್ಗ್‌ನ ಮಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೆ. ಇಂಗ್ಲೆಂಡಿನಲ್ಲಿ ಸೌತಾಂಪ್ಟನ್‌ನ ನ್ಯಾಷನಲ್ ಓಷನೋಗ್ರಫಿ ಸೆಂಟರ್. ಸಿದ್ಧಾಂತ ಮತ್ತು ತೊಟ್ಟಿಯ ಪ್ರಯೋಗಕ್ಕೆ ಕೇಂಬ್ರಿಜ್‌ನ ಗಣಿತ ವಿಭಾಗ. ನಾರ್ವೆಯಲ್ಲಿ ಬೆರ್ಗನ್. ಫ್ರಾನ್ಸ್‌ನಲ್ಲಿ ಬ್ರೆಸ್ಟ್, ತುಲೂಸ್, ಪ್ಯಾರಿಸ್. ಗ್ರೆನೋಬಲ್‌ನಲ್ಲಿ ಕೋರಿಯೋಲಿಸ್ ಅನ್ನುವ 13 ಮೀಟರ್ ವ್ಯಾಸದ ತಿರುಗುವ ತೊಟ್ಟಿ ಇದೆ. ಲ್ಯಾಬ್‌ನವರು ಒಮ್ಮೆಯಾದರೂ ನೋಡಬೇಕಾದ ಜಾಗ ಅದು. ಜಪಾನಿನಲ್ಲಿ ಯೊಕೊಸುಕಾದ ಜಾಮ್‌ಸ್ಟೆಕ್, ಆಸ್ಟ್ರೇಲಿಯಾದಲ್ಲಿ ಹೋಬಾರ್ಟ್, ಸಿಡ್ನಿ, ಕ್ಯಾನ್ಬೆರಾ.

ಸಂಸ್ಥೆಯ ಹೆಸರು ನೋಡಿ ಹೋಗಬೇಡಿ. ಪೋಸ್ಟ್‌ಡಾಕ್‌ನಲ್ಲಿ ದಿನ ಕಳೆಯುವುದು ಆರೇಳು ಜನರ ಗುಂಪಿನ ಜೊತೆ. ಆ ಗುಂಪು ಹೇಗಿದೆ ಅನ್ನುವುದೇ ಮುಖ್ಯ.

ನಾಲ್ಕನೇ ಹೆಜ್ಜೆ: ಹಣ ಎಲ್ಲಿಂದ ಬರುತ್ತೆ

ಎರಡು ದಾರಿ. ಒಂದು, ಪ್ರೊಫೆಸರ್ ಬಳಿ ಪ್ರಾಜೆಕ್ಟ್ ಹಣವಿದೆ, ಅದಕ್ಕೆ ಜನ ಬೇಕು. ಎರಡು, ನಿಮ್ಮ ಹೆಸರಿನಲ್ಲೇ ಫೆಲೋಶಿಪ್. ಮೊದಲನೆಯದು ಬೇಗ ಸಿಗುತ್ತೆ, ಆದರೆ ಕೆಲಸ ಅವರದ್ದು. ಎರಡನೆಯದು ನಿಧಾನ, ಆದರೆ ಪ್ರಶ್ನೆ ನಿಮ್ಮದು. ಎರಡಕ್ಕೂ ಒಟ್ಟಿಗೆ ಪ್ರಯತ್ನಿಸಿ.

ನಮ್ಮ ದೇಶದಲ್ಲಿ ಪ್ರಾಜೆಕ್ಟ್ ಹುದ್ದೆಗೆ ರಿಸರ್ಚ್ ಅಸೋಸಿಯೇಟ್ ಅನ್ನುತ್ತಾರೆ. 2023ರ ಪರಿಷ್ಕರಣೆಯ ಪ್ರಕಾರ ಮೂರು ಹಂತದಲ್ಲಿ ತಿಂಗಳಿಗೆ 58,000, 61,000, 67,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಸ್ವಂತ ಫೆಲೋಶಿಪ್ ಬೇಕಾದರೆ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ಇದೆ. ಮೊದಲು ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಸರ್ಬ್ ಕೊಡುತ್ತಿತ್ತು, ಈಗ ಅದರ ಜಾಗಕ್ಕೆ ಬಂದ ಎಎನ್ಆರ್‌ಎಫ್ (ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಕೊಡುತ್ತೆ. ಎರಡು ವರ್ಷದ್ದು. ವಯಸ್ಸಿನ ಮಿತಿ 35. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ. ಮದುವೆ, ಮಕ್ಕಳು ಅಂತ ಸಂಶೋಧನೆ ಬಿಟ್ಟು ಮತ್ತೆ ಬರಬೇಕೆನ್ನುವ ಹೆಣ್ಣುಮಕ್ಕಳಿಗೆ ವಿಜ್ಞಾನ ತಂತ್ರಜ್ಞಾನ ಇಲಾಖೆಯ ವೈಸ್-ಪಿಡಿಎಫ್ ಇದೆ. ನನ್ನ ಜೊತೆ ಓದಿದವರಲ್ಲಿ ಬಹಳ ಚುರುಕಾದ ಇಬ್ಬರು ಇದು ಗೊತ್ತಿಲ್ಲದೆ ಸುಮ್ನೆ ಮನೆಯಲ್ಲಿ ಉಳಿದರು. ನಿಮಗೆ ಗೊತ್ತಿರುವವರಿಗೆ ದಯವಿಟ್ಟು ಹೇಳಿ.

ಯುರೋಪಿನಲ್ಲಿ ಮೇರಿ ಕ್ಯೂರಿ ಫೆಲೋಶಿಪ್ ದೊಡ್ಡದು. ಒಂದರಿಂದ ಎರಡು ವರ್ಷ. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ ಎರಡನೇ ವಾರ, ಫಲಿತಾಂಶ ಫೆಬ್ರವರಿ ಸುಮಾರಿಗೆ. ಪೌರತ್ವ ಯಾವುದಾದರೂ ಸರಿ. ಆದರೆ ಹೋಗುವ ದೇಶದಲ್ಲಿ ಹಿಂದಿನ ಮೂರು ವರ್ಷದಲ್ಲಿ ಒಟ್ಟು 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಅಂದರೆ ಜರ್ಮನಿಯಲ್ಲಿ ಈಗಾಗಲೇ ಎರಡು ವರ್ಷ ಇದ್ದವರು ಜರ್ಮನಿಗೇ ಇದನ್ನು ಕೇಳುವಂತಿಲ್ಲ, ನಾರ್ವೆಗೆ ಕೇಳಬಹುದು. ಅಂಕ ಹಂಚುವುದು ಹೀಗೆ: ವಿಜ್ಞಾನಕ್ಕೆ 50, ಪರಿಣಾಮಕ್ಕೆ 30, ಕೆಲಸದ ಯೋಜನೆಗೆ 20. ನಮ್ಮವರು ಮೊದಲ ಭಾಗ ಚೆನ್ನಾಗಿ ಬರೆದು ಉಳಿದ ಐವತ್ತನ್ನು ಕೊನೆಯ ಎರಡು ದಿನದಲ್ಲಿ ತುಂಬುತ್ತಾರೆ. ಅಲ್ಲೇ ಕೈಜಾರುವುದು. ಹಲವು ಯುರೋಪಿಯನ್ ವಿಶ್ವವಿದ್ಯಾಲಯಗಳು ಬೇಸಿಗೆಗೆ ಮುಂಚೆ ಅರ್ಜಿದಾರರಿಗೆ ಬರವಣಿಗೆ ತರಬೇತಿ ಕೊಡುತ್ತವೆ. ಅದಕ್ಕೆ ಹೆಸರು ಕೊಡಿ.

ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ಕೊನೆಯ ದಿನ ಅಂತ ಇಲ್ಲ. ವರ್ಷವಿಡೀ ಅರ್ಜಿ ತೆಗೆದುಕೊಳ್ಳುತ್ತಾರೆ. ಪಿಎಚ್.ಡಿ. ಆಗಿ ನಾಲ್ಕು ವರ್ಷದೊಳಗಿನವರಿಗೆ 6ರಿಂದ 24 ತಿಂಗಳು. ಅಲ್ಲಿನ ಪ್ರೊಫೆಸರ್ ಒಪ್ಪಿಗೆ ಪತ್ರ ಕೊಡಬೇಕು. ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್‌ಗೆ ಸಾಮಾನ್ಯವಾಗಿ ನಿಮ್ಮ ಪರವಾಗಿ ಅರ್ಜಿ ಹಾಕುವವರು ಅಲ್ಲಿನ ಪ್ರೊಫೆಸರೇ. ಪಿಎಚ್.ಡಿ. ಆಗಿ ಆರು ವರ್ಷ ಮೀರಿರಬಾರದು. ವುಡ್ಸ್ ಹೋಲ್‌ನ ಪೋಸ್ಟ್‌ಡಾಕ್ ಸ್ಕಾಲರ್ 18 ತಿಂಗಳದ್ದು, ಅರ್ಜಿ ಅಕ್ಟೋಬರ್ ನಡುವಿನಲ್ಲಿ. ಅಮೆರಿಕದ ಸರ್ಕಾರಿ ವಿಜ್ಞಾನ ಪ್ರತಿಷ್ಠಾನ ಎನ್ಎಸ್ಎಫ್‌ನ ಸಾಗರ ವಿಜ್ಞಾನ ಪೋಸ್ಟ್‌ಡಾಕ್ ಫೆಲೋಶಿಪ್ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ, ಅದಕ್ಕೆ ಸಮಯ ಹಾಕಬೇಡಿ. 2025ರಿಂದ ಅಲ್ಲಿನ ಸರ್ಕಾರಿ ವಿಜ್ಞಾನದ ಹಣ ಅಲುಗಾಡುತ್ತಿದೆ. ಅಮೆರಿಕ ಒಂದನ್ನೇ ನೆಚ್ಚಿಕೊಳ್ಳಬೇಡಿ.

ನಿಯಮಗಳು ವರ್ಷ ವರ್ಷ ಸ್ವಲ್ಪ ಬದಲಾಗುತ್ತವೆ. ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿ, ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಐದನೇ ಹೆಜ್ಜೆ: ಹಿಂದಿನಿಂದ ದಿನ ಎಣಿಸಿ

ನಮ್ಮ ಕಡೆ ಸಬ್‌ಮಿಟ್ ಮಾಡಿದ ಮೇಲೆ ವೈವಾ ಆಗಲು ಆರು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಹಾಗಾಗಿ ಸಬ್‌ಮಿಟ್‌ಗೆ ಒಂದು ವರ್ಷ ಮುಂಚೆಯೇ ಪ್ರಶ್ನೆಯ ಹಾಳೆ ಸಿದ್ಧವಿರಲಿ. ಹತ್ತು ತಿಂಗಳಿರುವಾಗ ಮೊದಲ ಪತ್ರಗಳು ಹೋಗಲಿ. ಸಬ್‌ಮಿಟ್ ಹೊತ್ತಿಗೆ ಒಂದಾದರೂ ಪ್ರಪೋಸಲ್ ಯಾರ ಜೊತೆಗಾದರೂ ಕೂತು ಬರೆದಿರಿ. ಪ್ರೊವಿಷನಲ್ ಸರ್ಟಿಫಿಕೇಟ್ ಎಷ್ಟು ದಿನದಲ್ಲಿ ಕೊಡುತ್ತಾರೆ ಅಂತ ನಿಮ್ಮ ಅಕಾಡೆಮಿಕ್ ಸೆಕ್ಷನ್‌ನಲ್ಲಿ ಈಗಲೇ ಕೇಳಿ. ಇದೊಂದು ಕಾಗದಕ್ಕಾಗಿ ಕೆಲಸ ಸೇರುವುದು ತಡವಾದವರು ನನಗೆ ಗೊತ್ತು.

ಸಮ್ಮೇಳನಗಳೂ ಇದೇ ಲೆಕ್ಕದಲ್ಲಿ ಬರಬೇಕು. ಓಷನ್ ಸೈನ್ಸಸ್ ಮೀಟಿಂಗ್ ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಫೆಬ್ರವರಿ ಹೊತ್ತಿಗೆ. ಭೂವಿಜ್ಞಾನಗಳ ದೊಡ್ಡ ಸಭೆಗಳಲ್ಲಿ ವಿಯೆನ್ನಾದ ಇಜಿಯು ವಸಂತದಲ್ಲಿ, ಅಮೆರಿಕದ ಎಜಿಯು ಡಿಸೆಂಬರ್‌ನಲ್ಲಿ, ಫ್ಲೂಯಿಡ್ಸ್‌ನವರ ಎಪಿಎಸ್ ಸಭೆ ನವೆಂಬರ್‌ನಲ್ಲಿ. ಒಂದಕ್ಕೆ ಹೋಗಲು ಹಣ ಸಿಕ್ಕರೆ, ಹೋಗುವ ಎರಡು ವಾರ ಮುಂಚೆಯೇ ಭೇಟಿ ಆಗಬೇಕಾದವರಿಗೆ "ನನ್ನ ಪೋಸ್ಟರ್ ಇಂಥ ದಿನ, ಹತ್ತು ನಿಮಿಷ ಮಾತಾಡಬಹುದಾ" ಅಂತ ಬರೆಯಿರಿ. ಬಹಳ ಸಲ ಬರುತ್ತಾರೆ.

ಆರನೇ ಹೆಜ್ಜೆ: ಆ ಮೊದಲ ಪತ್ರ

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ನಾನು ಮೊದಲು ಬರೆದ ಪತ್ರ ಹೀಗೆ ಶುರುವಾಗುತ್ತಿತ್ತು: "ಮಾನ್ಯ ಪ್ರೊಫೆಸರ್ ಅವರೇ, ನಾನು ಪ್ರತಿಷ್ಠಿತ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನಿಮ್ಮ ಸಂಶೋಧನೆ ನನಗೆ ಬಹಳ ಸ್ಫೂರ್ತಿ ಕೊಟ್ಟಿದೆ. ನಿಮ್ಮ ಗುಂಪಿನಲ್ಲಿ ಅವಕಾಶವಿದ್ದರೆ ತಿಳಿಸಿ." ಹದಿನಾಲ್ಕು ಜನರಿಗೆ ಕಳಿಸಿದೆ. ಇಬ್ಬರು ಉತ್ತರ ಕೊಟ್ಟರು, ಇಬ್ಬರೂ ಇಲ್ಲ ಅಂದರು.

ಕೊನೆಗೆ ಕೆಲಸ ಮಾಡಿದ ಪತ್ರದ ಸಾರ ಕನ್ನಡದಲ್ಲಿ ಇಷ್ಟು:

"ಗಾಳಿ ಬೀಸಿದಾಗ ಮೇಲ್ಪದರ ಆಳವಾಗುವ ವೇಗ ಮಾಡೆಲ್ ಹೇಳಿದ್ದಕ್ಕಿಂತ ಕಡಿಮೆ ಅಂತ ನಿಮ್ಮ ಪೇಪರ್‌ನ ಆರನೇ ಚಿತ್ರ ತೋರಿಸುತ್ತದೆ. ಬಂಗಾಳ ಕೊಲ್ಲಿಯ ನಮ್ಮ ಡೇಟಾದಲ್ಲೂ ಹೀಗೇ ಕಂಡಿದೆ. ಆದರೆ ಸಿಹಿನೀರಿನ ಪದರ ತೆಳುವಾಗಿದ್ದ ದಿನಗಳಲ್ಲಿ ಮಾತ್ರ. ಪದರ ದಪ್ಪಗಿದ್ದ ದಿನ ಮಾಡೆಲ್ ಸರಿಯಾಗಿಯೇ ಇದೆ. ಒಂದು ಚಿತ್ರ ಜೊತೆಗಿಟ್ಟಿದ್ದೇನೆ. ನಿಮ್ಮ ಕಡಲಿನಲ್ಲಿ ಕರಗಿದ ಹಿಮದ ನೀರು ಇದೇ ಕೆಲಸ ಮಾಡುತ್ತಿದೆಯೇ? ನನ್ನ ಥೀಸಿಸ್ ಮುಂದಿನ ಜೂನ್‌ನಲ್ಲಿ ಮುಗಿಯುತ್ತದೆ. ಈ ಪ್ರಶ್ನೆಯ ಮೇಲೆ ನಿಮ್ಮ ಜೊತೆ ಫೆಲೋಶಿಪ್ ಪ್ರಪೋಸಲ್ ಬರೆಯಲು ನನಗೆ ಆಸೆಯಿದೆ. ಅರ್ಧ ಗಂಟೆ ಮಾತಾಡಬಹುದೇ?"

ನೋಡಿ, ಹೊಗಳಿಕೆ ಒಂದೂ ಇಲ್ಲ. ಪೇಪರ್ ನಿಜಕ್ಕೂ ಓದಿದ್ದೇನೆ ಅನ್ನುವುದಕ್ಕೆ ಆರನೇ ಚಿತ್ರವೇ ಸಾಕ್ಷಿ. ನನ್ನ ಬಳಿ ಏನಿದೆ ಅನ್ನುವುದು ಜೊತೆಗಿಟ್ಟ ಚಿತ್ರದಲ್ಲಿದೆ. ಅವರು ಉತ್ತರಿಸಲು ಒಂದು ಪ್ರಶ್ನೆ ಇದೆ, ವಿಜ್ಞಾನಿಗೆ ಪ್ರಶ್ನೆ ಕೇಳಿದರೆ ಸುಮ್ಮನಿರುವುದು ಕಷ್ಟ. ಯಾವಾಗ ಬರಬಲ್ಲೆ ಅನ್ನುವುದಿದೆ. ಹಣ ಕೊಡಿ ಅಂತ ಕೇಳಿಲ್ಲ, ಹಣ ತರಲು ಜೊತೆಗೆ ಬರೆಯೋಣ ಅಂತ ಕೇಳಿದೆ. ಉತ್ತರ ಮರುದಿನ ಬೆಳಿಗ್ಗೆಯೇ ಬಂತು.

ಪತ್ರ ಫೋನ್ ಪರದೆಯಲ್ಲಿ ಒಂದೇ ನೋಟಕ್ಕೆ ಮುಗಿಯುವಷ್ಟಿರಲಿ. ಎರಡು ಪುಟದ ಸಿವಿ ಸಾಕು. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಅದಕ್ಕೂ ಬರದಿದ್ದರೆ ಮುಂದಿನ ಹೆಸರಿಗೆ ಹೋಗಿ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರು ಆಗ ಹಡಗಿನ ಮೇಲಿರಬಹುದು.

ಏಳನೇ ಹೆಜ್ಜೆ: ಪ್ರಪೋಸಲ್, ಶಿಫಾರಸು

ಪ್ರಪೋಸಲ್ ಎರಡು ಪುಟವಿರಲಿ, ಹತ್ತು ಪುಟವಿರಲಿ, ಮೊದಲ ಅರ್ಧ ಪುಟದಲ್ಲಿ ಪ್ರಶ್ನೆ, ಅದು ಇನ್ನೂ ಯಾಕೆ ಬಗೆಹರಿದಿಲ್ಲ, ನೀವು ಹೇಗೆ ಬಗೆಹರಿಸುತ್ತೀರಿ ಅನ್ನುವುದು ಬಂದುಬಿಡಬೇಕು. ಏನು ಕೈಕೊಡಬಹುದು ಅಂತಲೂ ಬರೆಯಿರಿ. ಮೂರಿಂಗ್ (ಕಡಲ ತಳಕ್ಕೆ ಲಂಗರು ಹಾಕಿದ ಅಳತೆಯ ಉಪಕರಣ) ಕಳೆದುಹೋದರೆ? ಕ್ರೂಸ್ ಮುಂದೆ ಹೋದರೆ? ಆಗ ಆರ್ಗೋ ಡೇಟಾದಿಂದ ಏನು ಮಾಡುತ್ತೀರಿ? ಇದನ್ನು ಬರೆದವರನ್ನು ಓದುವವರು ನಂಬುತ್ತಾರೆ.

ಶಿಫಾರಸಿಗೆ ಸಾಮಾನ್ಯವಾಗಿ ಮೂವರು ಬೇಕು. ಒಬ್ಬರು ನಿಮ್ಮ ಗೈಡ್. ಉಳಿದವರಲ್ಲಿ ಒಬ್ಬರಾದರೂ ನಿಮ್ಮ ಸಂಸ್ಥೆಯ ಹೊರಗಿನವರಿರಲಿ. ಕ್ರೂಸ್‌ನಲ್ಲಿ ಜೊತೆಗಿದ್ದ ಮುಖ್ಯ ವಿಜ್ಞಾನಿ ಆದರೆ ಬಹಳ ಒಳ್ಳೆಯದು, ರಾತ್ರಿ ಪಾಳಿಯಲ್ಲಿ ನೀವು ಹೇಗಿದ್ದಿರಿ ಅಂತ ಅವರು ಬರೆಯಬಲ್ಲರು. ಅವರಿಗೆ ನಾಲ್ಕು ವಾರ ಸಮಯ ಕೊಡಿ. ಜೊತೆಗೆ ಒಂದು ಪುಟ ಕಳಿಸಿ: ಯಾವ ಫೆಲೋಶಿಪ್, ಕೊನೆಯ ದಿನ ಯಾವತ್ತು, ನಿಮ್ಮ ಪ್ರಶ್ನೆ ಏನು, ಅವರ ಜೊತೆ ಮಾಡಿದ ಯಾವ ಕೆಲಸ ನೆನಪಿಸಬೇಕು. ನಮ್ಮಲ್ಲಿ ಮೇಷ್ಟ್ರಿಗೆ ಹೀಗೆ ಹೇಳಲು ಸಂಕೋಚ, ಅಲ್ವಾ? ಅವರಿಗೆ ಇದರಿಂದ ಅನುಕೂಲವೇ.

ಎಂಟನೇ ಹೆಜ್ಜೆ: ಸಂದರ್ಶನ

ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿ ಮುಕ್ಕಾಲು ಗಂಟೆ. ಹದಿನೈದು ನಿಮಿಷ ನೀವು, ಉಳಿದದ್ದು ಪ್ರಶ್ನೆ. ನನಗೆ ಬಂದ ಒಂದು ಪ್ರಶ್ನೆ ಹೇಳುತ್ತೇನೆ. "ನಿಮ್ಮ ವಿಧಾನ ಉಷ್ಣವಲಯದ ಕಡಲಿನದು. 60 ಡಿಗ್ರಿ ಉತ್ತರದಲ್ಲಿ ಅದು ಹೇಗೆ ನಡೆಯುತ್ತೆ?"

ಇದಕ್ಕೆ ಒಂದು ಲೆಕ್ಕ ಸಾಕು. ಗಾಳಿ ತಳ್ಳಿ ಬಿಟ್ಟ ನೀರು ಭೂಮಿಯ ತಿರುಗುವಿಕೆಯಿಂದ ವೃತ್ತದಲ್ಲಿ ಸುತ್ತುತ್ತೆ. ಒಂದು ಸುತ್ತಿಗೆ ಹಿಡಿಯುವ ಹೊತ್ತು ಅಕ್ಷಾಂಶದ ಮೇಲೆ ನಿಂತಿದೆ. ಮಂಗಳೂರಿನ ಎದುರು ಸುಮಾರು 54 ಗಂಟೆ. ಬೆರ್ಗನ್ ಎದುರು 14 ಗಂಟೆಗಿಂತ ಸ್ವಲ್ಪ ಕಡಿಮೆ. ಒಂದು ದಿನ ಬೀಸುವ ಬಿರುಗಾಳಿ ನಮ್ಮಲ್ಲಿ ಅರ್ಧ ಸುತ್ತು ಮುಗಿಯುವುದರೊಳಗೆ ನಿಲ್ಲುತ್ತೆ. ಅಲ್ಲಿ ಒಂದೂವರೆ ಸುತ್ತು ದಾಟಿರುತ್ತೆ. ಹಾಗಾಗಿ ಗಾಳಿ ನೀರಿಗೆ ಶಕ್ತಿ ಕೊಡುವ ರೀತಿಯೇ ಬೇರೆ, ನನ್ನ ಸೂತ್ರದಲ್ಲಿ ಈ ಹೊತ್ತನ್ನು ಬದಲಿಸಬೇಕು ಅಂದೆ. ಅವರು ತಲೆಯಾಡಿಸಿದರು, ಆಮೇಲೆ ಮಾತು ಸಲೀಸಾಯಿತು. ನಿಮ್ಮ ಕೆಲಸ ಅವರ ಕಡಲಿಗೆ ಹೋದರೆ ಯಾವ ಸಂಖ್ಯೆ ಬದಲಾಗುತ್ತೆ ಅಂತ ಹಿಂದಿನ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿ.

ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಹೇಗೆ ಕಂಡುಹಿಡಿಯುತ್ತೀರಿ ಅಂತ ಅದರ ಹಿಂದೆಯೇ ಹೇಳಿ.

ಒಂಬತ್ತನೇ ಹೆಜ್ಜೆ: ಒಪ್ಪುವ ಮುಂಚೆ, ಹೊರಡುವ ಮುಂಚೆ

ಆಫರ್ ಬಂದ ಖುಷಿಯಲ್ಲಿ ಅದೇ ದಿನ ಹೂಂ ಅನ್ನಬೇಡಿ. ಹಣ ಎಷ್ಟು ತಿಂಗಳಿಗೆ ಖಾತ್ರಿ ಇದೆ ಅಂತ ಬರಹದಲ್ಲಿ ಕೇಳಿ. ನನ್ನ ಗೆಳೆಯನೊಬ್ಬ ಎರಡು ವರ್ಷ ಅಂತ ನಂಬಿ ಹೋಗಿದ್ದ, ಪ್ರಾಜೆಕ್ಟ್‌ನಲ್ಲಿ ಎಂಟು ತಿಂಗಳ ಹಣ ಮಾತ್ರ ಇತ್ತು. ಸಂಬಳವೋ ಸ್ಟೈಪೆಂಡೋ ಕೇಳಿ. ಸ್ಟೈಪೆಂಡ್ ಆದರೆ ಆರೋಗ್ಯ ವಿಮೆ, ತೆರಿಗೆ, ಪಿಂಚಣಿ ನೀವೇ ನೋಡಿಕೊಳ್ಳಬೇಕಾಗಬಹುದು. ಹಡಗಿನ ಸಮಯ, ಕಂಪ್ಯೂಟರ್ ಗಂಟೆಗಳು ಈಗಾಗಲೇ ಮಂಜೂರಾಗಿವೆಯೇ ಕೇಳಿ. ಆ ಗುಂಪಿನಿಂದ ಹೊರಬಂದ ಇಬ್ಬರು ಪೋಸ್ಟ್‌ಡಾಕ್‌ಗಳ ಜೊತೆ ಫೋನಿನಲ್ಲಿ ಮಾತಾಡಿ. ಬರಹದಲ್ಲಿ ಹೇಳದ್ದನ್ನು ಮಾತಿನಲ್ಲಿ ಹೇಳುತ್ತಾರೆ.

ವೀಸಾ ವಿಷಯದಲ್ಲಿ ನಮ್ಮ ಕ್ಷೇತ್ರದವರಿಗೆ ಒಂದು ತೊಡಕಿದೆ. ಫ್ಲೂಯಿಡ್ ಡೈನಮಿಕ್ಸ್ ಅಂದರೆ ವೀಸಾ ಅಧಿಕಾರಿಗೆ ರಾಕೆಟ್, ಕ್ಷಿಪಣಿ ನೆನಪಾಗಬಹುದು. ಅಮೆರಿಕದ ವೀಸಾ ಇದರಿಂದ ಹೆಚ್ಚುವರಿ ಪರಿಶೀಲನೆಗೆ ಹೋಗಿ ವಾರಗಟ್ಟಲೆ ನಿಲ್ಲುವುದುಂಟು. ನಿಮ್ಮ ಕೆಲಸವನ್ನು ಸುಲಭದ ಎರಡು ವಾಕ್ಯದಲ್ಲಿ ಬರೆದುಕೊಂಡು ಹೋಗಿ, ಸಮುದ್ರ, ಮಳೆ, ಹವಾಮಾನ ಅನ್ನುವ ಪದಗಳು ನಿಜವಾಗಿಯೂ ನಿಮ್ಮ ಕೆಲಸದಲ್ಲಿದ್ದರೆ ಅವು ಮೊದಲ ವಾಕ್ಯದಲ್ಲೇ ಬರಲಿ. ಇಂಗ್ಲೆಂಡಿಗೆ ಕೆಲವು ವಿಷಯಗಳಲ್ಲಿ ವೀಸಾಗೂ ಮುಂಚೆ ಅಟಾಸ್ ಅನ್ನುವ ಅನುಮತಿ ಬೇಕು, ಅದಕ್ಕೇ ಹಲವು ವಾರ ಹಿಡಿಯುತ್ತೆ. ಅಮೆರಿಕದ ಜೆ-1 ಅನ್ನುವ ವಿನಿಮಯ ವೀಸಾದಲ್ಲಿ ಎರಡು ವರ್ಷ ತಾಯ್ನಾಡಿಗೆ ಮರಳಿ ಇರಬೇಕು ಅನ್ನುವ ನಿಯಮ ಕೆಲವರಿಗೆ ಅನ್ವಯಿಸುತ್ತೆ. ಅದಕ್ಕೆ ಕಾರಣವಾಗುತ್ತಿದ್ದ ಕೌಶಲ ಪಟ್ಟಿಯಿಂದ ಭಾರತ 2024ರ ಡಿಸೆಂಬರ್‌ನಲ್ಲಿ ಹೊರಬಂದಿದೆ. ಆದರೆ ಈ ವಿನಿಮಯಕ್ಕೆಂದೇ ಸರ್ಕಾರ ಹಣ ಕೊಟ್ಟಿದ್ದರೆ ನಿಯಮ ಇನ್ನೂ ಇದೆ. ಆ ವೀಸಾಗೆ ಬೇಕಾದ ಡಿಎಸ್-2019 ಕಾಗದದಲ್ಲಿ ಹಣದ ಮೂಲ ಏನು ಬರೆದಿದೆ ಅಂತ ನೋಡಿಕೊಳ್ಳಿ.

ಇನ್ನು ಡೇಟಾ. ಸಂಸ್ಥೆ ಬಿಟ್ಟ ಕೆಲವೇ ವಾರದಲ್ಲಿ ನಿಮ್ಮ ಲಾಗಿನ್ ಮುಚ್ಚುತ್ತೆ. ಅದಕ್ಕೂ ಮುಂಚೆ ಕೋಡ್, ಮಾಡೆಲ್‌ನ ಇನ್‌ಪುಟ್ ಫೈಲ್‌ಗಳು, ಕ್ರೂಸ್ ಲಾಗ್‌ಪುಸ್ತಕದ ಫೋಟೋಗಳು ಇವನ್ನು ಎರಡು ಹಾರ್ಡ್ ಡಿಸ್ಕ್‌ಗೆ ಇಳಿಸಿ. ಹಡಗಿನ ಮೂಲ ಡೇಟಾ ನಿಮ್ಮ ಸ್ವಂತದ್ದಲ್ಲ. ಯಾವುದನ್ನು ಹೊರಗೆ ಒಯ್ಯಬಹುದು, ಯಾವುದಕ್ಕೆ ಅನುಮತಿ ಬೇಕು ಅಂತ ಗೈಡ್ ಜೊತೆ ಕೂತು ಒಂದು ಪತ್ರದಲ್ಲಿ ಬರೆಸಿಕೊಳ್ಳಿ. ಒಂದು ಡಿಸ್ಕ್ ಕೈಚೀಲದಲ್ಲಿರಲಿ, ಇನ್ನೊಂದನ್ನು ಊರಿನ ಮನೆಯಲ್ಲಿಟ್ಟು ಹೊರಡಿ.